ಅಪ್ಪ ಹೋದ ಮೇಲೆ ಯಾವ ಕೆಲಸ ಮೊದಲು, ಯಾವುದಕ್ಕೆ ಈಗಲೇ ಸೈನ್ ಹಾಕಬಾರದು?

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮಪ್ಪ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಅವರಿಗೆ 54 ವರ್ಷ. ಹಾಸನದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು, ಇನ್ನೂ ಕೆಲಸದಲ್ಲಿದ್ದರು. ಮನೆಯಲ್ಲಿ ಅಮ್ಮ, 23 ವರ್ಷದ ತಮ್ಮ ಮತ್ತು ಅಪ್ಪನ ತಾಯಿ, ಅಂದ್ರೆ ನಮ್ಮಜ್ಜಿ ಇದ್ದಾರೆ. ನಾನು ಮದುವೆಯಾಗಿ ಬೆಂಗಳೂರಿನಲ್ಲಿದ್ದೇನೆ. ಬ್ಯಾಂಕಿನಲ್ಲಿ ಒಂದು ಎಸ್‌ಬಿ ಖಾತೆ ಇದೆ, ಅದಕ್ಕೆ ನಾಮಿನಿ ಇಲ್ಲ. ಒಂದು ಎಫ್‌ಡಿ ಇದೆ, ಅದಕ್ಕೆ ತಮ್ಮ ನಾಮಿನಿ. ಅಪ್ಪ ದುಡಿದು ಕೊಂಡ ಎರಡು ಎಕರೆ ಜಮೀನಿದೆ, ಅದರ ಮೇಲೆ ಸೊಸೈಟಿಯ ಬೆಳೆ ಸಾಲವಿದೆ. ಎಟಿಎಂ ಪಿನ್ ತಮ್ಮನಿಗೆ ಗೊತ್ತಿರುವುದರಿಂದ ಖರ್ಚಿಗೆ ಅದರಲ್ಲೇ ತೆಗೆಯುತ್ತಿದ್ದಾನೆ. "ನಾಮಿನಿ ಅವನೇ, ದುಡ್ಡು ಅವನದ್ದೇ, ನೀನು ಜಮೀನಿಗೂ ಹಕ್ಕು ಬಿಡುಗಡೆ ಬರೆದುಕೊಟ್ಟುಬಿಡು, ಎಲ್ಲ ಬೇಗ ಮುಗಿಯುತ್ತೆ" ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ತಮ್ಮನ ಮೇಲೆ ನನಗೆ ಬೇಸರವಿಲ್ಲ. ಆದರೆ ಏನೂ ಅರ್ಥವಾಗುತ್ತಿಲ್ಲ. ಯಾವುದು ಮೊದಲು?

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಒಂದೊಂದಾಗಿ ನೋಡೋಣ. ನಿಮ್ಮ ಮನೆಯಲ್ಲಿ ಈಗ ಎರಡು ಬೇರೆ ಬೇರೆ ಕೆಲಸ ಒಂದರೊಳಗೊಂದು ಸಿಕ್ಕಿಕೊಂಡಿವೆ. ಅಪ್ಪನ ದುಡ್ಡು ಎಲ್ಲೆಲ್ಲಿದೆಯೋ ಅಲ್ಲಿಂದ ಹೊರಗೆ ತರುವುದು ಒಂದು. ಅದನ್ನು ಯಾರಿಗೆ ಎಷ್ಟು ಅಂತ ಹಂಚುವುದು ಇನ್ನೊಂದು. ಮೊದಲನೆಯದಕ್ಕೆ ಆತುರ ಬೇಕು, ಎರಡನೆಯದಕ್ಕೆ ಬೇಡವೇ ಬೇಡ. ಚಿಕ್ಕಪ್ಪ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿರಬಹುದು, ಆದರೆ ಅವರು ಎರಡನ್ನೂ ಒಂದೇ ಸೈನಿನಲ್ಲಿ ಮುಗಿಸೋಣ ಅನ್ನುತ್ತಿದ್ದಾರೆ. ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದ್ದೇನೆ. ತಿಥಿ ಊಟ ಮುಗಿದ ಸಂಜೆ ಜಗಲಿಯ ಮೇಲೆ ಕೂತು ಸೈನ್ ಹಾಕಿ, ಆರು ತಿಂಗಳಾದ ಮೇಲೆ "ಸರ್, ಅದನ್ನು ವಾಪಸ್ ತಗೊಳ್ಳೋಕೆ ಆಗುತ್ತಾ" ಅಂತ ಕೇಳಿಕೊಂಡು ಬಂದ ಹೆಣ್ಣುಮಕ್ಕಳನ್ನು ತುಂಬಾ ನೋಡಿದ್ದೇನೆ.

ಎಟಿಎಂ ವಿಚಾರ ಇವತ್ತೇ ನಿಲ್ಲಿಸಿ. ತಮ್ಮ ಕದಿಯುತ್ತಿಲ್ಲ, ಮನೆ ಖರ್ಚಿಗೇ ತೆಗೆಯುತ್ತಿದ್ದಾನೆ, ಅದು ನನಗೆ ಗೊತ್ತು. ಆದರೆ ತೀರಿಕೊಂಡವರ ಖಾತೆಯಿಂದ ಕಾರ್ಡ್ ಹಾಕಿ ತೆಗೆದದ್ದು ಕಾನೂನಿನ ಕಣ್ಣಿಗೆ ತಪ್ಪೇ. ನಾಳೆ ಮನೆಯಲ್ಲಿ ಒಂದು ಮಾತು ಹೆಚ್ಚುಕಮ್ಮಿಯಾದರೆ ಸ್ಟೇಟ್‌ಮೆಂಟ್‌ನಲ್ಲಿರುವ ಆ ಸಾಲುಗಳನ್ನೇ ತೋರಿಸಿ ಅವನನ್ನು ಕಳ್ಳ ಅನ್ನುತ್ತಾರೆ. ಅಪ್ಪ ಹೋದ ದಿನದಿಂದ ಎಷ್ಟೆಷ್ಟು ತೆಗೆದ, ಯಾವುದಕ್ಕೆ ಖರ್ಚಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿ. ಕಾರ್ಡನ್ನು ಡೆತ್ ಸರ್ಟಿಫಿಕೇಟ್ ಜೊತೆ ಬ್ಯಾಂಕಿಗೆ ಕೊಟ್ಟುಬಿಡಿ. ಫೋನ್‌ಪೇ, ಗೂಗಲ್ ಪೇ ಕೂಡ ಮುಟ್ಟಬೇಡಿ. ಆದರೆ ಅಪ್ಪನ ಸಿಮ್ ಮಾತ್ರ ಬಂದ್ ಮಾಡಿಸಬೇಡಿ. ಪಿಎಫ್, ವಿಮೆ, ಬ್ಯಾಂಕು ಕಳಿಸುವ ಮೆಸೇಜುಗಳೆಲ್ಲ ಆ ನಂಬರಿಗೇ ಬರುತ್ತವೆ. ಎಲ್ಲಿ ಏನಿದೆ ಅನ್ನೋದು ಅವುಗಳಿಂದಲೇ ಎಷ್ಟೋ ಸಲ ಗೊತ್ತಾಗುತ್ತದೆ. ಕಡಿಮೆ ದುಡ್ಡಿನ ರೀಚಾರ್ಜ್ ಹಾಕಿಸಿ ಫೋನನ್ನು ಅಮ್ಮನ ಹತ್ತಿರ ಇಡಿ.

ಎರಡು ತಿಂಗಳಾಗಿದೆ ಅಂದ್ರೆ ಡೆತ್ ಸರ್ಟಿಫಿಕೇಟ್ ಕೈಗೆ ಬಂದಿದೆ ಅಂದುಕೊಳ್ಳುತ್ತೇನೆ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅವರೇ ವರದಿ ಕಳಿಸಿರುತ್ತಾರೆ. ಮನೆಯಲ್ಲಾಗಿದ್ದು ಇನ್ನೂ ನೋಂದಣಿ ಮಾಡಿಸಿಲ್ಲ ಅಂದರೆ ಇದೇ ಮೊದಲ ಕೆಲಸ. 21 ದಿನದೊಳಗಾದರೆ ಸುಲಭವಾಗಿ ಆಗುತ್ತದೆ. 30 ದಿನ ದಾಟಿದ ಮೇಲೆ ಮೇಲಿನ ಅಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕಾಗುತ್ತದೆ. ಸರ್ಟಿಫಿಕೇಟ್ ಬಂದಿದ್ದರೆ ಈಗಲೇ ತೆಗೆದು ಹೆಸರು ನೋಡಿ. ಆಧಾರ್‌ನಲ್ಲಿ ಒಂದು ಥರ, ಪಹಣಿಯಲ್ಲಿ "ಗೌಡ" ಸೇರಿಸಿ ಇನ್ನೊಂದು ಥರ, ಪಿಎಫ್‌ನಲ್ಲಿ ಇನಿಶಿಯಲ್ ಮುಂದೆ, ಬ್ಯಾಂಕಿನಲ್ಲಿ ಹಿಂದೆ. ನಮ್ಮ ಕಡೆ ಮುಕ್ಕಾಲು ಪಾಲು ಅರ್ಜಿಗಳು ಇಲ್ಲೇ ಎಡವಿ ಬೀಳುತ್ತವೆ. ವ್ಯತ್ಯಾಸ ಇದ್ದರೆ "ಈ ಎರಡೂ ಹೆಸರು ಒಬ್ಬರದೇ" ಅಂತ ನೋಟರಿ ಮುಂದೆ ಅಮ್ಮನಿಂದ ಒಂದು ಅಫಿಡವಿಟ್ ಮಾಡಿಸಿ, ಪ್ರತಿ ಅರ್ಜಿಗೂ ಅದರ ಜೆರಾಕ್ಸ್ ಸೇರಿಸಿ. ಸರ್ಟಿಫಿಕೇಟಿನ ಪ್ರತಿ ಹತ್ತಾದರೂ ಇಟ್ಟುಕೊಳ್ಳಿ. ಎಲ್ಲಿಗೆ ಹೋದರೂ ಒಂದು ಕೇಳುತ್ತಾರೆ.

ಅದರ ಜೊತೆಗೇ ನಾಡಕಚೇರಿಯಲ್ಲಿ ವಂಶವೃಕ್ಷ ಮತ್ತು ಜೀವಂತ ಸದಸ್ಯರ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿ. ಇಲ್ಲಿ ಒಂದು ಮುಖ್ಯ ವಿಷಯವಿದೆ. ನೀವು ಕಾಗದದಲ್ಲಿ ಅಜ್ಜಿ ಮನೆಯಲ್ಲಿದ್ದಾರೆ ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಸಂಪಾದನೆಗೆ ಹೆಂಡತಿ, ಮಗ, ಮಗಳು, ತಾಯಿ ನಾಲ್ವರೂ ಸಮಪಾಲಿನ ವಾರಸುದಾರರು. ತಾಯಿ ಅಂದರೆ ನಿಮ್ಮಜ್ಜಿ. ಅವರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಿದರೆ ಅದು ತಪ್ಪು ವಂಶವೃಕ್ಷ. ನಾಳೆ ಅತ್ತೆಯಂದಿರೋ ಚಿಕ್ಕಪ್ಪನೋ ಕೇಳಿದರೆ ಅದರ ಮೇಲೆ ಕಟ್ಟಿದ್ದೆಲ್ಲ ಅಲ್ಲಾಡುತ್ತದೆ. ಅದಿರಲಿ, ಮಗನನ್ನು ಕಳೆದುಕೊಂಡ ಆ ವಯಸ್ಸಾದವರ ಹೆಸರನ್ನು ಹೇಗೆ ಬಿಡೋದು, ಅಲ್ವಾ? ಬೀರು, ಟ್ರಂಕು, ಆಫೀಸಿನ ಡ್ರಾಯರ್ ಎಲ್ಲ ಹುಡುಕಿ, ಅಪ್ಪ ಏನಾದರೂ ಉಯಿಲು ಬರೆದಿಟ್ಟಿದ್ದಾರಾ ಅಂತಲೂ ನೋಡಿ. ಇದ್ದರೆ ಲೆಕ್ಕ ಬದಲಾಗುತ್ತದೆ.

ಈಗ ಬ್ಯಾಂಕು. ಎಫ್‌ಡಿಗೆ ನಾಮಿನಿ ಇರುವುದರಿಂದ ಅದು ಸುಲಭ. ಕ್ಲೈಮ್ ಫಾರಂ, ಡೆತ್ ಸರ್ಟಿಫಿಕೇಟು, ತಮ್ಮನ ಗುರುತಿನ ದಾಖಲೆ, ಇಷ್ಟೇ. ಕೋರ್ಟಿನಿಂದ ಉತ್ತರಾಧಿಕಾರ ಪತ್ರ ತನ್ನಿ ಅಂತ ನಾಮಿನಿಯನ್ನು ಕೇಳುವ ಹಾಗಿಲ್ಲ. ಅವಧಿಗೆ ಮುಂಚೆ ಮುರಿದರೂ ದಂಡ ಹಾಕುವ ಹಾಗಿಲ್ಲ. ನಾಮಿನಿ ಇಲ್ಲದ ಎಸ್‌ಬಿ ಖಾತೆಗೆ ಸ್ವಲ್ಪ ಜಾಸ್ತಿ ಕಾಗದ ಬೇಕು. ಆದರೆ ಅಲ್ಲೂ ಹೆದರಬೇಕಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದು, 2026ರ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕುಗಳೂ ಜಾರಿ ಮಾಡಬೇಕು ಅಂತ ಹೇಳಿದೆ. ಅದರ ಪ್ರಕಾರ ವಾರಸುದಾರರ ನಡುವೆ ತಕರಾರು ಇಲ್ಲದಿದ್ದರೆ ವಾಣಿಜ್ಯ ಬ್ಯಾಂಕಿನಲ್ಲಿ ₹15 ಲಕ್ಷದವರೆಗೆ, ಸಹಕಾರ ಬ್ಯಾಂಕಿನಲ್ಲಿ ₹5 ಲಕ್ಷದವರೆಗೆ ಕೋರ್ಟಿಗೆ ಹೋಗದೆಯೇ ದುಡ್ಡು ಸಿಗಬೇಕು. ಎಲ್ಲ ಕಾಗದ ಕೊಟ್ಟ 15 ದಿನದೊಳಗೆ ಇತ್ಯರ್ಥ ಮಾಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಅದಕ್ಕೇ ಅರ್ಜಿ ಕೊಟ್ಟ ದಿನ ಸೀಲ್ ಹಾಕಿದ ಅಕ್ನಾಲೆಜ್‌ಮೆಂಟ್ ಇಸಕೊಳ್ಳದೆ ಬರಬೇಡಿ. "ಆಮೇಲೆ ಕೊಡ್ತೀವಿ, ಹೋಗಿ ಬನ್ನಿ" ಅಂದರೆ ಅಲ್ಲೇ ಕೂತಿರಿ. ಆ ಸೀಲ್ ಇಲ್ಲದಿದ್ದರೆ 15 ದಿನದ ಲೆಕ್ಕ ಯಾವತ್ತು ಶುರುವಾಯಿತು ಅಂತ ತೋರಿಸುವುದೇ ಕಷ್ಟ. ಈ ಖಾತೆಗೆ ನಾಲ್ವರ ಸೈನೂ ಬೇಕಾಗುತ್ತದೆ. ದುಡ್ಡು ಅಮ್ಮನ ಖಾತೆಗೆ ಬರಲಿ ಅಂತ ಉಳಿದ ಮೂವರು ಒಪ್ಪಿಗೆ ಕೊಡಬಹುದು. ಬ್ಯಾಂಕಿನ ಫಾರಂನಲ್ಲಿ ಇಂಥ ಸೈನ್ ಹಾಕಿ, ತೊಂದರೆಯಿಲ್ಲ, ಆದರೆ ಅದು ಆ ಖಾತೆಗೆ ಮಾತ್ರ ಸಂಬಂಧಿಸಿದ್ದು ಅಂತ ಓದಿ ನೋಡಿಕೊಂಡು ಹಾಕಿ.

ಇನ್ನು "ನಾಮಿನಿ ಅವನೇ, ದುಡ್ಡು ಅವನದ್ದೇ" ಅನ್ನೋ ಮಾತು. ಇದು ಊರೂರಲ್ಲೂ ಇರುವ ತಪ್ಪು ತಿಳುವಳಿಕೆ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಇಸಕೊಳ್ಳಲು ಹಕ್ಕಿರುವವನು, ಅಷ್ಟೇ. ಎಲ್ಲ ವಾರಸುದಾರರ ಪರವಾಗಿ ಅವನು ಅದನ್ನು ಕೈಯಲ್ಲಿ ಹಿಡಿದಿರುತ್ತಾನೆ. ವಿಮೆಯ ವಿಚಾರದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1983ರಲ್ಲೇ ಹೇಳಿದೆ, ಷೇರುಗಳ ವಿಚಾರದಲ್ಲಿ 2023ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿತು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ಬಂದು, ಹೆಂಡತಿ ಮಕ್ಕಳು ತಂದೆತಾಯಿ ನಾಮಿನಿ ಆಗಿದ್ದರೆ ದುಡ್ಡು ಅವರದ್ದೇ ಅನ್ನುವಂಥ ಮಾತು ಸೇರಿತು. ಆದರೂ ನಮ್ಮ ಕರ್ನಾಟಕ ಹೈಕೋರ್ಟ್ 2025ರಲ್ಲಿ ಒಂದು ಕೇಸಿನಲ್ಲಿ, ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ ಮಗ ತೀರಿಕೊಂಡಾಗ, ತಾಯಿ ಹೆಂಡತಿ ಮಗು ಮೂವರಿಗೂ ಮೂರರಲ್ಲಿ ಒಂದೊಂದು ಪಾಲು ಅಂತ ತೀರ್ಪು ಕೊಟ್ಟಿತು. ಹಾಗಾಗಿ ಎಫ್‌ಡಿ ದುಡ್ಡು ತಮ್ಮನ ಖಾತೆಗೆ ಬರಲಿ, ಏನೂ ತಪ್ಪಿಲ್ಲ, ಬೇಗ ಬರುತ್ತದೆ. ಬಂದ ಮೇಲೆ ಅದು ನಾಲ್ವರದ್ದು.

ನನಗೆ ನಿಮ್ಮ ಕಾಗದದಲ್ಲಿ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆಗಿದ್ದು ಬೇರೆ. ಎಸ್‌ಬಿ, ಎಫ್‌ಡಿ, ಜಮೀನು ಅಂತ ಬರೆದಿದ್ದೀರಿ. ಪಿಎಫ್ ಬಗ್ಗೆ ಒಂದು ಅಕ್ಷರ ಇಲ್ಲ! ಅಪ್ಪ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದಾರೆ. ಅಂದರೆ ಮೂರು ಬೇರೆ ಬೇರೆ ದುಡ್ಡು ಬರಬೇಕು. ಒಂದು ಅವರ ಪಿಎಫ್ ಗಂಟು. ಎರಡು ಇಡಿಎಲ್‌ಐ ಅನ್ನುವ ವಿಮೆ, ಇದಕ್ಕೆ ಅಪ್ಪ ಒಂದು ಪೈಸೆ ಕಟ್ಟಿರುವುದಿಲ್ಲ, ಕಂಪನಿಯೇ ಕಟ್ಟಿರುತ್ತದೆ. ಸಂಬಳ ಮತ್ತು ಪಿಎಫ್ ಬ್ಯಾಲೆನ್ಸ್ ನೋಡಿ ₹7 ಲಕ್ಷದವರೆಗೂ ಸಿಗುತ್ತದೆ. ಮೂರನೆಯದು ಅಮ್ಮನಿಗೆ ಪ್ರತಿ ತಿಂಗಳೂ ವಿಧವಾ ಪಿಂಚಣಿ, ತಿಂಗಳಿಗೆ ₹1,000ಕ್ಕೆ ಕಮ್ಮಿ ಇಲ್ಲ. ಮಕ್ಕಳ ಪಿಂಚಣಿ 25 ವರ್ಷ ತುಂಬುವವರೆಗೆ ಇರುವುದರಿಂದ ತಮ್ಮನಿಗೂ ಸ್ವಲ್ಪ ಬರುತ್ತದೆ, ಅವನು 23, ತಡ ಮಾಡಿದಷ್ಟೂ ಒದ್ದಾಟ ಜಾಸ್ತಿ. ಈ ಮೂರಕ್ಕೂ ಕ್ರಮವಾಗಿ ಫಾರಂ 20, ಫಾರಂ 5ಐಎಫ್, ಫಾರಂ 10ಡಿ ಅಂತ ಕಂಪನಿಯ ಎಚ್‌ಆರ್ ಹತ್ತಿರ ಹೆಸರು ಹೇಳಿಯೇ ಕೇಳಿ. "ಪಿಎಫ್ ಅರ್ಜಿ ಹಾಕಿದೀವಿ" ಅಂತ ಮೊದಲನೆಯದು ಒಂದನ್ನೇ ಹಾಕಿ ಸುಮ್ನಾಗುವುದುಂಟು. ಅಪ್ಪ ಪಿಎಫ್‌ಗೆ ನಾಮಿನಿ ಹಾಕದೇ ಇದ್ದರೂ ಗಾಬರಿ ಬೇಡ. ಆಗ ದುಡ್ಡು ಕುಟುಂಬದವರಿಗೆ ಸಮನಾಗಿ ಹೋಗುತ್ತದೆ, ಆದರೆ ಅಲ್ಲಿ ಲೆಕ್ಕ ಬೇರೆ. ವಯಸ್ಸಿಗೆ ಬಂದ ಮಗನಿಗೆ, ಗಂಡ ಇರುವ ಮದುವೆಯಾದ ಮಗಳಿಗೆ ಅದರಲ್ಲಿ ಪಾಲು ಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಅಮ್ಮ, ಮತ್ತು ಅಪ್ಪನನ್ನೇ ನಂಬಿಕೊಂಡಿದ್ದರೆ ಅಜ್ಜಿ, ಇಬ್ಬರೇ ಉಳಿಯುತ್ತಾರೆ.

ಗ್ರಾಚ್ಯುಟಿ, ಅಂದ್ರೆ ಸರ್ವಿಸ್ ಲೆಕ್ಕದಲ್ಲಿ ಕಂಪನಿ ಕೊಡುವ ಇಡಿಗಂಟು, ಅದನ್ನೂ ಕೇಳಿ. ಐದು ವರ್ಷ ಸರ್ವಿಸ್ ಆಗಿರಬೇಕು ಅನ್ನುವ ಷರತ್ತು, ಕೆಲಸದಲ್ಲಿದ್ದಾಗ ತೀರಿಕೊಂಡವರಿಗೆ ಇಲ್ಲ. ಕೊನೆ ತಿಂಗಳ ಸಂಬಳ, ಉಳಿದ ರಜೆಯ ದುಡ್ಡು, ಕಂಪನಿ ಮಾಡಿಸಿದ್ದ ಗುಂಪು ವಿಮೆ, ಎಲ್ಲಕ್ಕೂ ಒಂದೇ ಅರ್ಜಿ ಬರೆದು ಕೊಟ್ಟು ಪ್ರತಿಗೆ ಸಹಿ ಮಾಡಿಸಿಕೊಳ್ಳಿ.

ಈಗ ಒಂದು ಸಂಜೆ ಬಿಡುವು ಮಾಡಿಕೊಂಡು ಈ ಕೆಲಸ ಮಾಡಿ. ಅಪ್ಪನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಕಳೆದ ಹದಿಮೂರು ತಿಂಗಳ ಪುಟ ತೆಗೆದು ಮೇಜಿನ ಮೇಲಿಟ್ಟು, ಒಂದು ಸ್ಕೇಲ್ ಅಡ್ಡ ಇಟ್ಟುಕೊಂಡು ಸಾಲು ಸಾಲಾಗಿ ಕೆಳಗೆ ಜಾರಿಸುತ್ತಾ ಓದಿ. ಹನ್ನೆರಡಲ್ಲ, ಹದಿಮೂರು, ಏಕೆಂದರೆ ವರ್ಷಕ್ಕೊಮ್ಮೆ ಕಟ್ ಆಗುವುದು ತಪ್ಪಬಾರದು. ಮೇ ತಿಂಗಳ ಕೊನೆಯಲ್ಲೋ ಜೂನ್ ಮೊದಲಲ್ಲೋ ₹436 ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. 50 ವರ್ಷದೊಳಗೆ ಸೇರಿದ್ದರೆ 55ರವರೆಗೂ ನಡೆಯುತ್ತದೆ, ಹೇಗೆ ತೀರಿಕೊಂಡರೂ ₹2 ಲಕ್ಷ ಬರುತ್ತದೆ. ಅಪ್ಪನಿಗೆ 54. ಬರೀ ₹20 ಕಟ್ ಆಗಿದ್ದರೆ ಅದು ಅಪಘಾತ ವಿಮೆ, ನಿಮಗೆ ಅನ್ವಯಿಸುವುದಿಲ್ಲ. ನಾನು ಶಾಖೆಯಲ್ಲಿದ್ದಾಗ ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಗಂಡನ ಪಾಸ್‌ಬುಕ್ ಸುತ್ತಿಕೊಂಡು ಬಂದಿದ್ದರು. ಖಾತೆ ಮುಚ್ಚಿ ಇರೋ ₹1,140 ಕೊಡಿ ಅಂತ ಕೇಳಿದರು. ಪುಟ ತಿರುಗಿಸಿದರೆ ಆ ವಿಮೆಯ ಸಾಲು ಇತ್ತು. ಆಗ ಕಂತು ₹330. ಅವರಿಗೆ ₹2 ಲಕ್ಷ ಬಂತು. ನಾನು ಆ ದಿನ ಪುಟ ತಿರುಗಿಸದೆ ಖಾತೆ ಮುಚ್ಚಿದ್ದರೆ ಅಂತ ಈಗಲೂ ಒಂದೊಂದು ಸಲ ಎದೆ ಝಲ್ ಅನ್ನುತ್ತದೆ. ಕ್ಲೈಮ್ ಆ ಬ್ಯಾಂಕಿನ ಶಾಖೆಯಲ್ಲೇ ಹಾಕಬೇಕು, ದಯವಿಟ್ಟು ಇದೊಂದನ್ನು ಈ ವಾರವೇ ನೋಡಿ. ಅದೇ ಪುಟಗಳಲ್ಲಿ ಎಲ್‌ಐಸಿ ಕಂತು, ಚೀಟಿ, ಮ್ಯೂಚುವಲ್ ಫಂಡ್, ಸಾಲದ ಇಎಂಐ ಎಲ್ಲ ಸಿಗುತ್ತವೆ. ಎಲ್‌ಐಸಿ ಪಾಲಿಸಿ ಮಾಡಿಸಿ ಮೂರು ವರ್ಷ ದಾಟಿದ್ದರೆ "ಕಾಯಿಲೆ ಮುಚ್ಚಿಟ್ಟಿದ್ದರು" ಅಂತ ಕಂಪನಿ ತಕರಾರು ತೆಗೆಯುವ ಹಾಗೂ ಇಲ್ಲ.

ಜಮೀನು. ನಿಮ್ಮಪ್ಪ ಸ್ವಂತ ದುಡಿದು ಕೊಂಡದ್ದು ಅಂದಿದ್ದೀರಿ, ಹಾಗಾದರೆ ನಾಲ್ಕು ಸಮಪಾಲು, ನಿಮ್ಮದೂ ಸೇರಿ. ಮದುವೆಯಾಗಿದೆ, ವರದಕ್ಷಿಣೆ ಕೊಟ್ಟಿದ್ದಾಯ್ತು, ಒಡವೆ ಹಾಕಿದ್ದಾಯ್ತು ಅನ್ನುವ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಪಿತ್ರಾರ್ಜಿತ ಆಗಿದ್ದರೂ 2005ರ ತಿದ್ದುಪಡಿ, ಆಮೇಲೆ 2020ರ ಸುಪ್ರೀಂ ಕೋರ್ಟ್ ತೀರ್ಪು ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಹೇಳಿವೆ, ಲೆಕ್ಕ ಮಾತ್ರ ಬೇರೆ ರೀತಿ. ಈಗ ಮಾಡಬೇಕಾದ್ದು ಪೌತಿ ಖಾತೆ, ಅಂದ್ರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಾಯಿಸುವುದು. ವಂಶವೃಕ್ಷ ಬಂದ ಕೂಡಲೇ ಡೆತ್ ಸರ್ಟಿಫಿಕೇಟ್ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಹಾಕಿ, ನಾಲ್ವರ ಹೆಸರಿಗೂ ಜಂಟಿಯಾಗಿ ಪಹಣಿ ಬರಲಿ. ಪೌತಿ ಅಂದ್ರೆ ಭಾಗ ಅಲ್ಲ. ಯಾರ ಪಾಲೂ ಇದರಿಂದ ಹೋಗುವುದಿಲ್ಲ, ಬರುವುದೂ ಇಲ್ಲ. ಸತ್ತವರ ಹೆಸರಿನಲ್ಲಿ ಪಹಣಿ ನಿಂತುಬಿಟ್ಟರೆ ಬೆಳೆ ಸಾಲ, ಪರಿಹಾರ ಯಾವುದೂ ಸಲೀಸಾಗಿ ಸಿಗುವುದಿಲ್ಲ, ಅದಕ್ಕೆ ಇದು ಬೇಕು.

ಹಕ್ಕು ಬಿಡುಗಡೆ ಪತ್ರ ಬೇರೆಯೇ ಜಾತಿ. ಸಬ್ ರಿಜಿಸ್ಟ್ರಾರ್ ಮುಂದೆ ನೋಂದಣಿ ಆಯಿತು ಅಂದರೆ ನಿಮ್ಮ ಪಾಲು ಹೋಯಿತು. ಬಲವಂತ, ಮೋಸ ಅಂತ ಕೋರ್ಟಿನಲ್ಲಿ ಸಾಬೀತು ಮಾಡದ ಹೊರತು ವಾಪಸ್ ಬರುವುದಿಲ್ಲ. ಕೊಡಲೇಬಾರದು ಅಂತ ನಾನು ಹೇಳುತ್ತಿಲ್ಲ. ತಮ್ಮ ಊರಲ್ಲೇ ಇದ್ದು ಅಮ್ಮ, ಅಜ್ಜಿಯನ್ನು ನೋಡಿಕೊಳ್ಳುತ್ತಾನೆ, ಅವನಿಗೇ ಇರಲಿ ಅಂತ ನಿಮಗೇ ಅನ್ನಿಸಿದರೆ ಸಂತೋಷವಾಗಿ ಕೊಡಿ. ಆದರೆ ವರ್ಷ ಕಳೆಯಲಿ, ಅಮ್ಮನ ಪಿಂಚಣಿ ಶುರುವಾಗಲಿ. ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ: ನೀವು ಬಿಡುವುದಾದರೂ ಅಮ್ಮನ ಪಾಲನ್ನು ಬಿಡಿಸಬೇಡಿ. ಅವರ ಹೆಸರಿನಲ್ಲಿ ಅರ್ಧ ಎಕರೆ ಇದ್ದರೂ ಅವರನ್ನು ಮನೆಯಲ್ಲಿ ಕೇಳುವ ರೀತಿಯೇ ಬೇರೆ.

ಸೊಸೈಟಿ ಸಾಲಕ್ಕೆ ಹೆದರಿ ಯಾರೂ ಒಡವೆ ಅಡವಿಡಬೇಡಿ. ಅಪ್ಪನ ಸಾಲ ಅಪ್ಪ ಬಿಟ್ಟುಹೋದ ಆಸ್ತಿಯ ಮೇಲೆ ಬರುತ್ತದೆ. ಜಾಮೀನು ಹಾಕಿಲ್ಲದಿದ್ದರೆ ನಿಮ್ಮ ಸ್ವಂತ ಸಂಬಳದ ಮೇಲಾಗಲಿ, ತಮ್ಮನ ದುಡಿಮೆಯ ಮೇಲಾಗಲಿ ಬರುವುದಿಲ್ಲ. ಮನೆ ಬಾಗಿಲಿಗೆ ಬಂದು "ಇಷ್ಟು ಕೊಡಬೇಕಿತ್ತು" ಅನ್ನುವ ಕೈಸಾಲದವರಿಗೂ ಕಾಗದ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಆದರೆ ಸೊಸೈಟಿಗೆ ಹೋಗಿ ಗಡುವು ಯಾವತ್ತು ಅಂತ ಈಗಲೇ ಕೇಳಿಕೊಳ್ಳಿ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆ ಸಾಲಕ್ಕೆ ₹5 ಲಕ್ಷದವರೆಗೆ ಬಡ್ಡಿ ಇಲ್ಲ, ಆದರೆ ಅದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ದಿನ ದಾಟಿದರೆ ಬಡ್ಡಿ ಬೀಳುತ್ತದೆ. ಎಫ್‌ಡಿ ದುಡ್ಡು ಬಂದಾಗ ಮೊದಲು ಇದನ್ನು ತೀರಿಸಿ, ಆಮೇಲೆ ಉಳಿದ ಮಾತು.

ಅಪ್ಪನ ಬೈಕ್ ಇದ್ದರೆ ಮೂರು ತಿಂಗಳೊಳಗೆ ಆರ್‌ಟಿಒದಲ್ಲಿ ಹೆಸರು ಬದಲಾಯಿಸಲು ಅರ್ಜಿ ಹಾಕಬೇಕು, ಈಗಾಗಲೇ ಎರಡು ಆಗಿದೆ. ಅವರ ಪ್ಯಾನ್ ಕಾರ್ಡ್ ಈಗಲೇ ರದ್ದು ಮಾಡಿಸಬೇಡಿ. ಸಂಬಳದಲ್ಲಿ ತೆರಿಗೆ ಕಟ್ ಆಗಿದ್ದರೆ ತೀರಿಕೊಂಡ ದಿನದವರೆಗಿನ ಆದಾಯಕ್ಕೆ ವಾರಸುದಾರರಾಗಿ ಅಮ್ಮ ರಿಟರ್ನ್ ಸಲ್ಲಿಸಿದರೆ ರೀಫಂಡ್ ಬರಬಹುದು. ವಾರಸಿನಿಂದ ಬಂದ ಆಸ್ತಿಗೆ ಮಾತ್ರ ನಮ್ಮಲ್ಲಿ ತೆರಿಗೆ ಇಲ್ಲ. ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಗ್ಯಾಸು ಇವೆಲ್ಲ ನಿಧಾನಕ್ಕೆ ಆಗಲಿ.

ಚಿಕ್ಕಪ್ಪನ ಜೊತೆ ಜಗಳ ಮಾಡಬೇಡಿ. "ಪೌತಿ ಮೊದಲು ಆಗಲಿ ಚಿಕ್ಕಪ್ಪ, ವರ್ಷಾಬ್ದಿಕ ಮುಗಿಸಿಕೊಂಡು ಅಮ್ಮ ಅಜ್ಜಿ ಎದುರಿಗೆ ಕೂತು ಮಾತಾಡೋಣ" ಅನ್ನಿ, ಸಾಕು. ಅದಕ್ಕೆ ಬೇಡ ಅನ್ನೋಕೆ ಯಾರಿಗೂ ಆಗುವುದಿಲ್ಲ. ತಮ್ಮನಿಗೆ ಮಾತ್ರ ಇವತ್ತೇ ಫೋನ್ ಮಾಡಿ, ಈ ಉತ್ತರ ಇಬ್ಬರೂ ಕೂತು ಓದಿ. ಅವನೂ 23ರ ಹುಡುಗ, ಅಪ್ಪ ಹೋದ ಮೇಲೆ ಎಟಿಎಂ ಕಾರ್ಡ್ ಹಿಡಿದುಕೊಂಡು ಮನೆ ನಡೆಸುತ್ತಿದ್ದಾನೆ, ಅವನಿಗೂ ಯಾರೂ ಇದನ್ನೆಲ್ಲ ಹೇಳಿಕೊಟ್ಟಿರುವುದಿಲ್ಲ.

ಬ್ಯಾಂಕಿಗೆ ಹೋಗುವಾಗ ನೀವಿಬ್ಬರೇ ಹೋಗಬೇಡಿ, ಅಮ್ಮನನ್ನೂ ಕರೆದುಕೊಂಡು ಹೋಗಿ. ಮ್ಯಾನೇಜರ್ ಎದುರಿನ ಕುರ್ಚಿಯಲ್ಲಿ ಅವರೇ ಕೂರಲಿ, ಯಾವ ಕಾಗದ ಏನು ಅಂತ ಅವರಿಗೇ ವಿವರಿಸಲಿ. ಅವರ ಹೆಸರಿನಲ್ಲಿ ಖಾತೆ ಇಲ್ಲದಿದ್ದರೆ ಅವತ್ತೇ ತೆರೆಸಿ, ಪಿಂಚಣಿ ಅದಕ್ಕೇ ಬರಲಿ, ಅದಕ್ಕೆ ನಾಮಿನಿಯನ್ನೂ ಅವತ್ತೇ ಹಾಕಿಸಿ. 2025ರ ನವೆಂಬರ್‌ನಿಂದ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು, ನಿಮ್ಮಿಬ್ಬರ ಹೆಸರೂ ಇರಲಿ. ಆಧಾರ್, ಪ್ಯಾನ್, ನಾಲ್ಕು ಫೋಟೊ ತಗೊಂಡು ಹೋಗಿ. ಅಮ್ಮನ ಕನ್ನಡಕ ಮರೆಯಬೇಡಿ.